ಹೊಡೆಯದೆ ಬಿಟ್ಟ ಕೋಣೆ

೧೯೭೮ರಲ್ಲಿ ನಾನು ಕೂಡ್ಲಿಗಿಯ ಮಲೇರಿಯಾ ತಂಡದಲ್ಲಿ ಫೀಲ್ಡ್ ವರ್ಕರ್ ಆಗಿದ್ದೆ. ಹೆಸರು ಕೇಳಿ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಮನೆ ಮನೆಗೆ ಹೋಗಿ ಗೋಡೆಗೆ ಡಿಡಿಟಿ ಹೊಡೆಯುವ ಕೆಲಸ. ಹಳ್ಳಿಯವರು ನಮ್ಮನ್ನು ‘ಪುಡಿ ಹೊಡಿಯೋರು’ ಎನ್ನುತ್ತಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮಪ್ಪ ಬಸ್ ನಿಲ್ದಾಣದ ಹತ್ತಿರ ಸ್ಟೋವ್, ಸೈಕಲ್ ಪಂಪು ರಿಪೇರಿ ಮಾಡುತ್ತಿದ್ದ. ಅವನ ಕೈಕೆಳಗೆ ತೊಗಲಿನ ವಾಷರ್ ಕತ್ತರಿಸುವುದನ್ನು ಕಲಿತಿದ್ದೆ. ತಂಡದ ಪಂಪುಗಳು ದಿನಾ ಕೆಡುತ್ತಿದ್ದವು. ಆ ಒಂದು ಕಾರಣಕ್ಕೇ ನನಗೆ ಕೆಲಸ ಸಿಕ್ಕಿತು.

ಇಷ್ಟು ವರ್ಷ ಬಾಯಿ ಬಿಡದವನು ಈಗ ಬರೆಯಲು ಕಾರಣವಿದೆ. ಹೋದ ವಾರ ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ನನಗೆ ಮೊದಲ ಮೊಮ್ಮಗಳು. ಬೀದಿಯಲ್ಲಿ ಗುರುತಿಲ್ಲದವರನ್ನೂ ನಿಲ್ಲಿಸಿ ಸಕ್ಕರೆ ಕೊಟ್ಟಿದ್ದೇನೆ, ಸಕ್ಕರೆ ಕಾಯಿಲೆ ಐತ್ರಿ ಎಂದವರನ್ನೂ ಬಿಟ್ಟಿಲ್ಲ. ದಿನಕ್ಕೆ ಇಪ್ಪತ್ತು ಸಲ ಹೋಗಿ ಆ ಮುಖ ನೋಡುತ್ತೇನೆ. ‘ನಿಮ್ಮ ದೃಷ್ಟೀನೇ ಮೊದಲು ತಾಕತೈತಿ, ಹೊರಗ ನಡೀರಿ’ ಎಂದು ಹೆಂಡತಿ ಅಟ್ಟುತ್ತಾಳೆ. ಎರಡು ನಿಮಿಷಕ್ಕೆ ಮತ್ತೆ ಹೋಗುತ್ತೇನೆ. ಮನುಷ್ಯನಿಗೆ ಇಷ್ಟು ಸಂತೋಷ ಆಗಬಹುದೆಂದು ನನಗೆ ಗೊತ್ತಿರಲಿಲ್ಲ. ಆದರೆ ಮಗಳು ಮಲಗಿರುವ ಆ ಕೋಣೆಯ ಹೊಸಿಲು ದಾಟುವಾಗಲೆಲ್ಲ ಇನ್ನೊಂದು ಕೋಣೆ ಕಣ್ಣಿಗೆ ಬರುತ್ತದೆ.

ಮೊದಲು ಕೆಲಸದ ರೀತಿ ಹೇಳುತ್ತೇನೆ. ಮಲೇರಿಯಾದ ಸೊಳ್ಳೆ ರಕ್ತ ಕುಡಿದ ಮೇಲೆ ಭಾರಕ್ಕೆ ದೂರ ಹಾರಲಾರದು. ಹತ್ತಿರದ ಗೋಡೆಗೆ ಕೂತುಬಿಡುತ್ತದೆ. ಗೋಡೆಗೆ ಡಿಡಿಟಿ ಇದ್ದರೆ ಅದು ಕಾಲಿಗೆ ಅಂಟಿ ಸೊಳ್ಳೆ ಸಾಯುತ್ತದೆ. ನಾವು ಬಕೆಟ್ಟಿನಲ್ಲಿ ಪುಡಿ ಕಲಸಿ, ಒಬ್ಬ ಪಂಪು ಒತ್ತಿದರೆ ಇನ್ನೊಬ್ಬ ಉದ್ದನೆಯ ಕೊಳವೆ ಹಿಡಿದು ಮೇಲಿನಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಹೊಡೆಯುತ್ತಿದ್ದೆವು. ಯಾವ ಕೋಣೆಯನ್ನೂ ಬಿಡುವಂತಿರಲಿಲ್ಲ. ಯಾಕೆ ಎಂಬುದನ್ನು ತಂಡದ ಹಿರಿಯ ತಿಪ್ಪಣ್ಣ ಮೊದಲ ದಿನವೇ ಹೇಳಿದ್ದ.

‘ಪುಡಿ ಹೊಡದ ಕೂಡ್ಲೆ ಸೊಳ್ಳಿ ಎಲ್ಲಾ ಸಾಯಂಗಿಲ್ಲಲೇ ಬಾಷಾ. ಅರ್ಧಾ ಸಾಯ್ತಾವು, ಅರ್ಧಾ ಉರಿ ತಾಳಲಾರದ ಹೊಡೀದ ಬಿಟ್ಟ ಕ್ವಾಣಿಗೆ ಹಾರತಾವು. ಮೂರು ಹೊಡದು ಒಂದು ಬಿಟ್ಟಿ ಅಂದ್ರ, ಮೂರರಾಗಿನ ಸೊಳ್ಳಿ ಒಂದ್ರಾಗ ಕೂಡಿ ಹಾಕಿದಂಗ.’

ಹೊಡೆದಾದ ಮೇಲೆ ಬಾಗಿಲ ಪಕ್ಕದ ಗೋಡೆಗೆ ಜಾಜಿನ ಕೆಂಪು ಮಣ್ಣಿನಿಂದ ತಾರೀಖು ಬರೆದು, ಅದರ ಕೆಳಗೆ ಒಂದರ ಕೆಳಗೊಂದು ಎರಡು ಅಂಕಿ ಬರೆಯಬೇಕು. ಮೇಲಿನದು ಮನೆಯಲ್ಲಿ ಎಷ್ಟು ಕೋಣೆ ಎಂದು, ಕೆಳಗಿನದು ಎಷ್ಟಕ್ಕೆ ಹೊಡೆದೆವು ಎಂದು. ಎರಡೂ ಒಂದೇ ಇದ್ದರೆ ಮನೆ ಪೂರ್ತಿ ಆಯಿತು ಎಂದರ್ಥ. ಕಡಿಮೆ ಇದ್ದರೆ ಉಳಿದ ಕೋಣೆಗೆ ಮತ್ತೆ ಬರಬೇಕು. ನನ್ನ ಅಂಕಿ ದುಂಡಗೆ ಇದ್ದುದರಿಂದ ಬರೆಯುವ ಕೆಲಸ ನನ್ನದಾಗಿತ್ತು. ನಾಲ್ಕನೇ ಕ್ಲಾಸಿನವನಿಗೆ ಊರೂರ ಗೋಡೆಯ ಮೇಲೆ ಬರೆಯುವ ಭಾಗ್ಯ. ನನಗೆ ಅದರದೊಂದು ಜಂಬವೂ ಇತ್ತು.

ಮುಂಗಾರು ಬಿದ್ದು ಹದಿನೈದು ದಿನವಾಗಿತ್ತು. ಗುಡೇಕೋಟೆ ಕಡೆಯ ಒಂದು ಹಳ್ಳಿಗೆ ಹೋದೆವು. ಊರಿನ ಹೆಸರು ಬೇಡ, ಆ ಮನೆಯವರು ಇನ್ನೂ ಇದ್ದಾರೆ. ಬಂಡೆಗಳ ನಡುವೆ ಅಲ್ಲಲ್ಲಿ ನೀರು ನಿಂತು ಸೊಳ್ಳೆಗೆ ಹೇಳಿ ಮಾಡಿಸಿದ ಊರು. ಹೆಂಗಸರು ಪಾತ್ರೆ ಪಗಡ ಹೊರಗಿಡುತ್ತ ನಮ್ಮನ್ನು ಬಿಡದೆ ಕಾಡಿದರು. ‘ನಿಮ್ಮ ಪುಡಿಗೆ ಸೊಳ್ಳಿ ಸಾಯ್ತಾವೋ ಬಿಡ್ತಾವೋ, ತಗಣಿ ಮಾತ್ರ ಮದುವಿ ಮನ್ಯಾಗ ಕುಣಿದಂಗ ಕುಣಿತಾವು ನೋಡು’ ಎಂದಳು ಒಬ್ಬಾಕೆ. ಆ ಮಾತು ಸುಳ್ಳಲ್ಲ. ಪುಡಿಯ ಉರಿಗೆ ತಿಗಣೆಗಳು ಗೋಡೆಯ ಸಂದಿಯಿಂದ ಹೊರಬಿದ್ದು ಓಡಾಡುತ್ತಿದ್ದವು.

ಬೀದಿಯ ಕೊನೆಯದು ಕೊಟ್ರವ್ವನ ಮನೆ. ಗಂಡ ಇಲ್ಲದ ಹೆಂಗಸು, ಎರಡು ಎಮ್ಮೆ ಕಟ್ಟಿಕೊಂಡು ಗಟ್ಟಿಯಾಗಿ ಬದುಕಿದವಳು. ನಾಲ್ಕು ಕೋಣೆಯ ಮನೆ. ಮೂರಕ್ಕೆ ಹೊಡೆದು ಅಡುಗೆಮನೆಯ ಹಿಂದಿನ ಕೋಣೆಗೆ ಬಂದಾಗ ಆಕೆ ಬಾಗಿಲಿಗೆ ಅಡ್ಡ ನಿಂತಳು.

‘ಒಳಗ ಮಗಳು ಅದಾಳ. ಹಡದು ಹನ್ನೆರಡು ದಿನ ಆತು. ಎಳಿ ಕೂಸು. ಇಲ್ಲಿಗಿ ಬರಬ್ಯಾಡ ತಮ್ಮಾ.’

ಬಾಣಂತಿಯ ಕೋಣೆ. ಕಿಟಕಿ ಇಲ್ಲ, ಒಳಗೆ ಕೆಂಡದ ಹೊಗೆ, ಬೆಳ್ಳುಳ್ಳಿಯ ವಾಸನೆ. ತಾಯಿ ಮಗುವನ್ನು ಪಕ್ಕದ ಮನೆಯಲ್ಲಿ ಎರಡು ತಾಸು ಕೂರಿಸಿ ಹೊಡೆಯಬೇಕು ಎಂಬುದು ನಮಗೆ ಕಲಿಸಿದ ಕ್ರಮ. ಆ ಮಾತನ್ನು ನಾನು ಹೇಳಬೇಕಿತ್ತು. ಹೇಳಲಿಲ್ಲ. ನಾನು ಇಪ್ಪತ್ತೆರಡರ ಹುಡುಗ, ಮೇಲೆ ಪರಜಾತಿಯವನು. ಬಾಣಂತಿಯನ್ನು ಹೊರಗೆ ಕರೆಯಿರಿ ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಕೊಟ್ರವ್ವ ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡೆ ಎರಡು ತಂದು ನನ್ನ ಕೈಯಲ್ಲಿಟ್ಟಳು. ‘ತಿನ್ನು, ಪಂಪು ಒತ್ತಿ ಒತ್ತಿ ಸೊರಗೀದಿ’ ಎಂದಳು.

ಉಂಡೆ ತಿಂದು ಹೊರಗೆ ಬಂದೆ. ಗೋಡೆಯ ಮೇಲೆ ನಾಲ್ಕು ಬರೆದೆ. ಅದರ ಕೆಳಗೆ ಮೂರು ಬರೆಯಬೇಕು. ಬರೆದರೆ ಆ ಒಂದು ಕೋಣೆಗಾಗಿ ಕೂಡ್ಲಿಗಿಯಿಂದ ಮತ್ತೆ ಸೈಕಲ್ ತುಳಿಯಬೇಕು, ಮತ್ತೆ ಆ ಹೊಸಿಲಲ್ಲಿ ನಿಲ್ಲಬೇಕು. ನಾಲ್ಕರ ಕೆಳಗೆ ನಾಲ್ಕು ಬರೆದೆ. ಕೊಟ್ರವ್ವ ಕೇಳಲಿಲ್ಲ, ತಿಪ್ಪಣ್ಣ ಹೇಳಲಿಲ್ಲ. ಆತ ಆಗ ಬೇರೆ ಬೀದಿಯಲ್ಲಿದ್ದ, ನನ್ನ ಜೊತೆ ಕೊಳವೆ ಹಿಡಿದವನು ಬಕೆಟ್ ತೊಳೆಯಲು ಹೋಗಿದ್ದ. ಬರೆದವನು ನಾನೇ.

ಸುಮಾರು ಒಂದು ತಿಂಗಳ ಮೇಲೆ ಈರಭದ್ರಣ್ಣ ಚಾ ಅಂಗಡಿಯಲ್ಲಿ ಸಿಕ್ಕ. ಆತನದು ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೆ ಹೋಗಿ ‘ಯಾರಿಗಾದರೂ ಜ್ವರ ಐತೇನು’ ಎಂದು ಕೇಳುವ ಕೆಲಸ. ಜ್ವರ ಇದ್ದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು ಕ್ಲೋರೋಕ್ವಿನ್ ಗುಳಿಗೆ ಕೊಡುತ್ತಿದ್ದ. ಮಾತಿನ ನಡುವೆ ಹೇಳಿದ, ‘ಆ ಕೊಟ್ರವ್ವನ ಮಗಳು ಹಾಲವ್ವಗ ಜ್ವರ ನೋಡೋ. ಮೊನ್ನಿ ಹೋಗಿದ್ದೆ. ಬಾಣಂತಿ ಬೆರಳಿಗಿ ಸೂಜಿ ಮುಟ್ಟಸಬ್ಯಾಡ ಅಂತ ಮುದುಕಿ ಜಗಳಕ್ಕ ಬಂದ್ಲು. ಥಂಡಿ ಜ್ವರ ಇರಬೇಕು ಬಿಡು ಅಂತ ನಾನೂ ಬಿಟ್ಟೆ. ನಾಲ್ಕಕ್ಕ ನಾಲ್ಕು ಹೊಡದೀರಲ್ಲ, ಗ್ವಾಡಿ ಮ್ಯಾಲ ಐತಿ. ಮಲೇರಿಯಾ ಎಲ್ಲಿಂದ ಬರಬೇಕು?’

ಚಾ ಮುಗಿಸಿ ಲೋಟ ಕೆಳಗಿಟ್ಟೆ. ‘ಈರಭದ್ರಣ್ಣಾ, ಆ ಕೋಣೆಗೆ ನಾನು ಹೊಡೆದಿಲ್ಲ’ ಎನ್ನಲು ಎಷ್ಟು ಹೊತ್ತು ಬೇಕು? ಹೇಳಿದರೆ ಸೀಜನ್ ಕೆಲಸ ಹೋಗುತ್ತದೆ, ಅಪ್ಪನ ಮುಖ ನೋಡಬೇಕು. ನಾಳೆ ನೋಡೋಣ ಎಂದುಕೊಂಡೆ. ನಾಳೆಯೂ ನಾಳೆ ಎಂದೆ. ಮೂರು ದಿನ ಹೀಗೆ ನುಂಗಿದೆ. ನಾಲ್ಕನೆಯ ಬೆಳಿಗ್ಗೆ ಅನ್ನ ಸೇರದೆ ಆತನ ಮನೆಗೆ ಹೋಗಿ ಹೇಳಿದೆ.

ಆತ ಬೈಯಲಿಲ್ಲ. ಗುಳಿಗೆಯ ಡಬ್ಬಿ, ಗಾಜಿನ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ ‘ಹತ್ತು’ ಎಂದ. ಆತನ ಸೈಕಲ್ಲಿನ ಹಿಂದೆ ಹತ್ತಿ ಕೂತೆ.

ಮನೆ ಮುಂದೆ ಜನ ಕೂತಿದ್ದರು. ಮಗು ಹಿಂದಿನ ದಿನ ಹೋಗಿತ್ತು. ಎರಡು ದಿನ ಮೈ ಕೆಂಡದ ಹಾಗೆ ಸುಟ್ಟು, ಹಾಲು ಬಿಟ್ಟು, ಹೋಗಿತ್ತು. ಒಳಗೆ ಹಾಲವ್ವ ಕಂಬಳಿಯಲ್ಲಿ ಗಡಗಡ ನಡುಗುತ್ತಿದ್ದಳು. ಈ ಸಲ ಕೊಟ್ರವ್ವ ಅಡ್ಡ ಬರಲಿಲ್ಲ. ಈರಭದ್ರಣ್ಣ ರಕ್ತ ತೆಗೆದು ಅಲ್ಲಿಯೇ ಗುಳಿಗೆ ನುಂಗಿಸಿದ. ಆ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಲೇರಿಯಾ ಎಂದೇ ಬಂತು. ಪೂರ್ತಿ ಚಿಕಿತ್ಸೆ ಕೊಟ್ಟರು. ಹಾಲವ್ವ ಉಳಿದಳು.

ಮಗುವಿನ ರಕ್ತ ಯಾರೂ ನೋಡಿರಲಿಲ್ಲ. ಅದು ಮಲೇರಿಯಾದಿಂದಲೇ ಹೋಯಿತೆಂದು ಯಾವ ಕಾಗದದಲ್ಲೂ ಇಲ್ಲ. ಈ ಮಾತು ಹಿಡಿದುಕೊಂಡು ನಾನು ಪಾರಾಗಬಹುದು ಎಂದು ಎಷ್ಟೋ ವರ್ಷ ನೋಡಿದ್ದೇನೆ, ಆಗಿಲ್ಲ. ಮೂರು ಕೋಣೆಯ ಸೊಳ್ಳೆಯನ್ನು ಆ ತೊಟ್ಟಿಲಿನ ಕೋಣೆಗೆ ಅಟ್ಟಿದವನು ನಾನು. ಆಮೇಲೆ ಮೂರು ದಿನ ಚಾ ಕುಡಿದುಕೊಂಡು ಸುಮ್ಮನಿದ್ದವನೂ ನಾನು.

ಮಲೇರಿಯಾ ಬಂದ ಮನೆಗೆ, ಸುತ್ತಲಿನ ಮನೆಗಳಿಗೆ ಮತ್ತೆ ಹೊಡೆಯಬೇಕೆಂಬ ನಿಯಮವಿತ್ತು. ವಾರದೊಳಗೆ ತಂಡ ಮತ್ತೆ ಹೋಯಿತು. ಅಷ್ಟರಲ್ಲಿ ತಿಪ್ಪಣ್ಣನಿಗೂ ಹೇಳಿದ್ದೆ. ‘ಈ ಸುತ್ತು ಮುಗಿಸು, ಆಮ್ಯಾಲ ನಿನ್ನ ಮಾರಿ ನೋಡಂಗಿಲ್ಲ’ ಎಂದಿದ್ದ. ಕೊಟ್ರವ್ವ ಹಿಂದಿನ ಕೋಣೆಯನ್ನು ತಾನೇ ಖಾಲಿ ಮಾಡಿಟ್ಟಿದ್ದಳು. ಮಂಚ, ಕಂಬಳಿ, ತೊಟ್ಟಿಲು, ಎಲ್ಲ ಅಂಗಳದಲ್ಲಿದ್ದವು. ಬಾಗಿಲಿನಿಂದ ದೂರ ಸರಿದು ‘ಹೊಡಿ’ ಎಂದಳು.

ನಾಲ್ಕು ಗೋಡೆಗೂ ಹೊಡೆದೆ. ಒಂದು ಅಂಗೈಯಷ್ಟು ಜಾಗವೂ ಬಿಡಲಿಲ್ಲ. ಹೊರಗೆ ಬಂದು ಹೊಸ ತಾರೀಖು ಬರೆದೆ, ನಾಲ್ಕರ ಕೆಳಗೆ ನಾಲ್ಕು ಬರೆದೆ. ಕೊಟ್ರವ್ವ ಹಿಂದೆ ನಿಂತು ನೋಡುತ್ತಿದ್ದಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಹಳೆಯ ಅಂಕಿಯ ಮೇಲೆ ಬೆರಳಿಟ್ಟು, ಹೊಸದರ ಮೇಲೆ ಇಟ್ಟು ಕೇಳಿದಳು:

‘ಬಾಷಾ, ಆವತ್ತೂ ಇದನ್ನ ಬರದಿದ್ದೆಲ್ಲ?’

‘ಹೌದವ್ವಾ.’

‘ಆವತ್ತು ಒಳಗಿನ ಕ್ವಾಣಿಗಿ ಹೊಡಿಲಿಲ್ಲಲ್ಲ.’

ಪಂಪು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಆ ಅಂಕಿಯ ಅರ್ಥವೇನು, ಅದನ್ನು ನೋಡಿ ಈರಭದ್ರಣ್ಣ ಯಾಕೆ ರಕ್ತ ತೆಗೆಯಲು ಒತ್ತಾಯಿಸಲಿಲ್ಲ, ಚಾ ಅಂಗಡಿಯಲ್ಲಿ ಕೇಳಿದ್ದು, ಮೂರು ದಿನ. ಆಕೆ ಬಡಿಯುತ್ತಾಳೆ ಎಂದುಕೊಂಡಿದ್ದೆ. ಬಡಿದಿದ್ದರೆ ಚೆನ್ನಾಗಿತ್ತು. ಆಕೆ ಕಟ್ಟೆಯ ಮೇಲೆ ಕೂತಳು.

‘ನಾನು ಬಾಗಲಕ್ಕ ಅಡ್ಡ ನಿಂತಿದ್ದಕ್ಕ ಕೂಸು ಹೋತು ಅಂತ ನಾನು ಸಾಯ್ತಿದ್ದೆ’ ಎಂದಳು. ‘ಅರ್ಧಾ ನಂದು. ಅರ್ಧಾ ನಿಂದು, ತಗೊ.’ ಪಕ್ಕದ ಮನೆಯ ಕಡೆ ಕೈ ತೋರಿಸಿದಳು. ‘ಹಾಲವ್ವ ಅಲ್ಲೇ ಅದಾಳ. ಹೋಗಿ ಆಕಿಗೂ ಹೇಳು. ಜ್ವರದಾಗ ಹಾಲು ಕುಡಿಸಿ ನಾನಾ ಕೊಂದೆ ಅಂತ ಆಕಿ ಅನ್ನಾ ಬಿಟ್ಟಾಳ.’

ಹೋದೆ. ಹಾಲವ್ವನಿಗೆ ನನ್ನಷ್ಟೇ ವಯಸ್ಸು. ಗೋಡೆಗೆ ಒರಗಿ ಕೂತಿದ್ದಳು. ನಾನು ಹೊಸಿಲಾಚೆ ನಿಂತು ನೆಲ ನೋಡುತ್ತ ಮತ್ತೆ ಮೊದಲಿನಿಂದ ಎಲ್ಲ ಹೇಳಿದೆ. ಆಕೆ ನನ್ನನ್ನು ಬೈಯಲೂ ಇಲ್ಲ, ಕ್ಷಮಿಸಲೂ ಇಲ್ಲ. ಒಂದೇ ಮಾತು ಕೇಳಿದಳು.

‘ಹಂಗಾದ್ರ ನನ್ನ ಹಾಲು ಕೆಟ್ಟಿದ್ದಿಲ್ಲ?’

‘ಇಲ್ಲವ್ವಾ. ಹಾಲಿನಿಂದ ಈ ಜ್ವರ ಬರಂಗಿಲ್ಲ. ಸೊಳ್ಳಿಯಿಂದ ಬರತೈತಿ.’

‘ಇನ್ನೊಮ್ಮೆ ಹೇಳ್ರಿ’ ಎಂದಳು. ಹೇಳಿದೆ. ಆಗ ಅತ್ತಳು.

ಆ ಸೀಜನ್ನಿನ ಉಳಿದ ಕೆಲಸ ನನಗೆ ಕೊಡಲಿಲ್ಲ. ಅದು ನ್ಯಾಯವೇ. ಮುಂದಿನ ವರ್ಷ ಪಂಪು ರಿಪೇರಿಗೆ ಜನ ಇಲ್ಲದೆ ಮತ್ತೆ ಕರೆದರು. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ತಿರುಗಿ ಅದೇ ಕೆಲಸದಲ್ಲಿ ನಿವೃತ್ತನಾದೆ. ಬಾಣಂತಿಯ ಕೋಣೆಗಳು ಎಷ್ಟೋ ಬಂದವು. ಪ್ರತಿ ಸಲವೂ ಹೊಸಿಲಲ್ಲಿ ನಿಂತು, ತಾಯಿ ಕೂಸನ್ನು ಎರಡು ತಾಸು ಪಕ್ಕದ ಮನೆಯಲ್ಲಿ ಕೂರಿಸಿ ಎಂದು ನಾಚಿಕೆ ಬಿಟ್ಟು ಕೇಳಿದೆ. ಕೆಲವರು ಬೈದರು, ಕೆಲವರು ನಾಯಿ ಬಿಟ್ಟರು. ಒಪ್ಪದ ಕಡೆ ನಾಲ್ಕರ ಕೆಳಗೆ ಮೂರು ಎಂದೇ ಬರೆದು, ಮರುದಿನ ಮತ್ತೆ ಹೋದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹೊಡೆಯದ ಕೋಣೆಯನ್ನು ಹೊಡೆದಿಲ್ಲ ಎಂದು ಬರೆದರೆ ನಾಳೆ ಯಾರಾದರೂ ಬಂದು ಹೊಡೆಯುತ್ತಾರೆ. ಹೊಡೆದೆ ಎಂದು ಬರೆದರೆ ಆ ಕೋಣೆಗೆ ಮತ್ತೆ ಯಾರೂ ಬರುವುದಿಲ್ಲ.