ಕಿರಣದ ಆಚೆಯ ಕೋಣೆ

ದಕ್ಷಿಣ ಆಫ್ರಿಕಾದ ಬೆನೋನಿಯಲ್ಲಿ ನಾನು ದುಡಿಯುವ ಮನೆಯ ಪಕ್ಕದ ಮನೆಯಲ್ಲೇ ನೊಂಝಾಮೊ ಅಕ್ಕನೂ ಮನೆಗೆಲಸಕ್ಕಿದ್ದಾಳೆ. ಅಲ್ಲಿನ ಒಡತಿ ಹೆಸ್ಟರ್ ಮೇಡಂ ದೊಡ್ಡ ಮನೆಯಲ್ಲಿ, ಅಕ್ಕ ಹಿತ್ತಲ ಕೋಣೆಯಲ್ಲಿ. ಕಳ್ಳರ ಭಯಕ್ಕೆ ಮೇಡಂ ಅಂಗಳದ ಸುತ್ತ ಇನ್‌ಫ್ರಾರೆಡ್ ಕಿರಣ ಹಾಕಿಸಿದ ಮೇಲೆ ಅಕ್ಕನ ಪಾಲಿಗೆ ಸಂಜೆಯೆಂಬುದೇ ಇಲ್ಲವಾಯಿತು. ಹೊತ್ತು ಮುಳುಗುತ್ತಲೇ ಮೇಡಂ ಗುಂಡಿ ಒತ್ತುತ್ತಾರೆ. ಕಂಬದಿಂದ ಕಂಬಕ್ಕೆ ಕಣ್ಣಿಗೆ ಕಾಣದ ಎರಡು ಗೆರೆ, ಒಂದರ ಮೇಲೊಂದು. ಎರಡಕ್ಕೂ ಒಟ್ಟಿಗೆ ಅಡ್ಡ ಬಂದರೆ ಸೈರನ್. ನಾಯಿಗೆ ಕೆಳಗಿನದಷ್ಟೇ ತಾಗುವುದರಿಂದ ಅದು ಬೇಕಾದಲ್ಲಿ ತಿರುಗಬಹುದು. ಅಕ್ಕ ಮಾತ್ರ ಬೆಳಗಿನವರೆಗೂ ಕೋಣೆಯಲ್ಲೇ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಈ ಊರಲ್ಲಿ ಅವಳಿಗೆ ತನ್ನವಳೆಂದು ಇದ್ದದ್ದು ಥೆಂಬೆಕಾ ಒಬ್ಬಳೇ. ಗುರುವಾರದ ರಜೆಗೆ ಇಬ್ಬರೂ ಸಂಘದ ಸಮವಸ್ತ್ರವಾದ ಕೆಂಪು ರವಿಕೆ ತೊಟ್ಟು ಚರ್ಚಿನ ಹೆಂಗಸರ ಪ್ರಾರ್ಥನೆಗೆ ಹೋಗುವರು. ಆ ಥೆಂಬೆಕಾ ತೀರಿಹೋದಳು. ಸಂಜೆ ಚರ್ಚಿನಲ್ಲಿ ಪೆಟ್ಟಿಗೆ ತೆರೆದು ಮುಖ ತೋರಿಸಿ, ಅಲ್ಲಿಂದಲೇ ವ್ಯಾನಿನಲ್ಲಿ ದೂರದ ಹುಟ್ಟೂರಿಗೆ ಒಯ್ಯುವುದೆಂದಾಯಿತು. ಕೊನೆಯ ಬಾರಿ ಆ ಮುಖ ನೋಡಬೇಕೆಂದು ಅಕ್ಕ ಕೇಳಿಕೊಂಡಳು. ಇವತ್ತು ಕಿರಣ ಹಾಕುವುದಿಲ್ಲವೆಂದು ಮೇಡಂ ಒಪ್ಪಿದರು. ಆಮೇಲೆ ಮಗಳ ಮನೆಗೆ ಊಟಕ್ಕೆ ಹೊರಟಾಗ, ಕೈಯ ರೂಢಿಗೆ ಗುಂಡಿ ಒತ್ತಿಯೇ ಹೋದರು.

ಅಕ್ಕ ಫೋನ್ ಮಾಡಿದರೆ ಮೇಡಂ ಎತ್ತಲಿಲ್ಲ. ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿ ಬಾ ಎಂದು ನಾನು ಗೋಡೆಯಾಚೆಯಿಂದ ಹೇಳಿಕೊಟ್ಟೆ.

“ಈ ರವಿಕೆ ತೊಟ್ಕೊಂಡು ನಾನು ತೆವಳಲ್ಲ ಕಣೆ” ಎಂದಳು ಅಕ್ಕ. ನೆಟ್ಟಗೆ ನಡೆದೇ ಬಂದಳು. ಸೈರನ್ ಕೂಗಿಕೊಂಡಿತು.

ಕಾವಲು ಕಂಪನಿಯ ಕಾರು ಬಂತು. ಬಂದೂಕಿನವನು ಗೇಟಿನಲ್ಲೇ ಅವಳನ್ನು ತಡೆದ. “ಪಾಸ್‌ವರ್ಡ್ ಹೇಳಮ್ಮ.”

ಮನೆಯವರೆಂದು ಗುರುತಿಸುವ ಆ ಗುಟ್ಟಿನ ಪದವನ್ನು ಇಷ್ಟು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಇವಳು ಇಲ್ಲಿಯವಳೇ ಎಂದು ನಾನು ಕೂಗಿ ಹೇಳಿದರೂ ನನ್ನ ಮಾತಿಗೆ ಯಾವ ಬೆಲೆ? ಅವನು ಕಚೇರಿಗೆ ತಿಳಿಸಿದ, ಅವರು ಮೇಡಂಗೆ ಫೋನ್ ಮಾಡಿದರು. ಅಕ್ಕನ ಕರೆ ಎತ್ತದವರು ಅವರದನ್ನು ತಕ್ಷಣ ಎತ್ತಿದರು. ಮನೆಯಲ್ಲಿ ಯಾರಿದ್ದಾರೆಂದು ಕೇಳಿದ್ದಕ್ಕೆ ಮೇಡಂ ಕೊಟ್ಟ ಉತ್ತರವನ್ನು ಅವನು ನಮಗೂ ಹೇಳಿದ:

“ಮನೇಲಿ ಯಾರೂ ಇಲ್ವಂತೆ.”

ಮೇಡಂ ಬರುವವರೆಗೂ ಅಕ್ಕನನ್ನು ಮೆಟ್ಟಿಲ ಮೇಲೆ ಕೂರಿಸಿದ. ಓಡೋಡಿ ಬಂದ ಮೇಡಂ ಅತ್ತರು, ದೊಡ್ಡ ಮನೆಯ ಒಳಗೆ ಯಾರಿದ್ದಾರೆಂದು ಕೇಳಿದರೆಂದುಕೊಂಡೆ ಅಂದರು. ನಾನೂ ಅಕ್ಕನೂ ಚರ್ಚು ಮುಟ್ಟಿದಾಗ ವ್ಯಾನ್ ಹೊರಟುಹೋಗಿ, ಗಂಡಸರು ಕುರ್ಚಿ ಮಡಚುತ್ತಿದ್ದರು. ನಾನು ಮೇಡಂಗೆ ಹಿಡಿಶಾಪ ಹಾಕತೊಡಗಿದೆ.

“ಬಿಡೇ, ಅವರೇನು ಸುಳ್ಳು ಹೇಳಲಿಲ್ಲ” ಎಂದಳು ಅಕ್ಕ. “ನಾನೂ ಒಬ್ಬಳಿದ್ದೀನಿ ಅಂತ ಎಣಿಸ್ತಿದ್ದವಳು ಥೆಂಬೆಕಾ. ಅವಳೇ ಹೋದ್ಮೇಲೆ ಆ ಮನೇಲಿ ಯಾರಿದ್ದಾರೆ?”