ಏರು ಹತ್ತಲು ಹೋಳಿಗೆಯ ಕಣಕ

ಐವತ್ತರ ದಶಕದ ರೋಣದಲ್ಲಿ ಬಾಡಿಗೆಗೆ ಮೋಟರು ಇಟ್ಟವರು ಬೆರಳೆಣಿಕೆಯ ಜನ. ಅವರಲ್ಲಿ ನನ್ನ ಗಂಡನೂ ಒಬ್ಬರು. ಹುಬ್ಬಳ್ಳಿಯಲ್ಲಿ ಯಾರೋ ಓಡಿಸಿ ಸಾಕಾಗಿ ಬಿಟ್ಟಿದ್ದ ಹಳೇ ಕಾರು ಅದು. ಹೊಳೆಆಲೂರು ಸ್ಟೇಷನ್ನಿನಲ್ಲಿ ಇಳಿದವರನ್ನು ರೋಣಕ್ಕೆ ತರುವುದು, ನರಗುಂದದ ಕಡೆ ಮದುವೆಯಿದ್ದರೆ ಬೀಗರನ್ನು ಮುಟ್ಟಿಸುವುದು ಅದರ ಕೆಲಸ. ಎರೆಹೊಲಗಳ ನಡುವಿನ ಸಪಾಟು ದಾರಿಯಲ್ಲಿ ಅದು ಗಂಭೀರವಾಗಿಯೇ ಓಡುತ್ತಿತ್ತು. ಏರು ಕಂಡರೆ ಮಾತ್ರ ಅದರ ಜೀವ ಬಾಯಿಗೆ ಬರುತ್ತಿತ್ತು. ನನ್ನ ತವರು ಏರಿನ ಆಚೆಗೇ ಇತ್ತು.

ತವರೆಂದರೆ ಗಜೇಂದ್ರಗಡದ ಹತ್ತಿರ, ಗುಡ್ಡ ಹತ್ತಿದ ಮೇಲೆ ಸಿಗುವ ಸಣ್ಣದೊಂದು ನೇಕಾರರ ಊರು. ಅಪ್ಪ ಸೀರೆ ನೇಯುತ್ತಿದ್ದ. ಮದುವೆಯಾದ ಮೊದಲ ಪಂಚಮಿಗೆ ಆತ ನನ್ನನ್ನು ಕರೆಯಲು ಬಂದಾಗ, ಮೋಟರಿನಲ್ಲೇ ಬಿಟ್ಟು ಬರುತ್ತೇನೆಂದು ನನ್ನ ಗಂಡ ಉಬ್ಬಿ ಹೊರಟರು. ಏರಿನ ಅರ್ಧಕ್ಕೆ ಹೋದದ್ದೇ ತಡ, ಎಂಜಿನ್ನು ಕೆಮ್ಮಿ ನಿಂತಿತು. ಹೊಸ ಮದುಮಗಳು ನಾನು ನೆರಿಗೆ ಎತ್ತಿ ಹಿಡಿದು ನಡೆದೆ. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಹಿಂದಿನಿಂದ ನೂಕಿದ. ಏರಿನ ತಲೆಗೆ ಒಂದು ಬೇವಿನ ಗಿಡ, ಅದರ ಕೆಳಗೆ ಯಾವಾಗಲೂ ನಮ್ಮೂರಿನ ನಾಲ್ಕು ಜನ. ಅಳಿಯ ಮೋಟರು ತಂದನೋ, ಮಾವನ ಕೈಲೆ ದೂಡಿಸಿಕೊಳ್ಳಲು ಬಂದನೋ ಎಂದು ಅವರು ನಕ್ಕರು. ಆ ನಗೆ ಅಪ್ಪನ ಮನಸ್ಸಿಗೆ ನಾಟಿತು. ಮುಂದೆ ರೋಣಕ್ಕೆ ಬಂದರೆ ಚಕ್ಕಡಿಯಲ್ಲೇ ಬರುತ್ತಿದ್ದ, ಚಕ್ಕಡಿಯಲ್ಲೇ ಹೋಗುತ್ತಿದ್ದ.

ನಾನು ಬಸುರಾದೆ. ಕುಬಸ, ಅಂದರೆ ಸೀಮಂತ ಮಾಡಿ, ಚೊಚ್ಚಲ ಹೆರಿಗೆಗೆಂದು ತವರಿನವರು ಕರೆದುಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ದಿನ ಗೊತ್ತು ಮಾಡಲು ಬಂದ ಅಪ್ಪ ಚಕ್ಕಡಿ ತರುವುದಾಗಿ ಹೇಳಿದ. ಮನೆಯಲ್ಲಿ ಮೋಟರಿರುವಾಗ ಚಕ್ಕಡಿ ಯಾಕೆಂದು ನನ್ನ ಗಂಡ ಕೇಳಿದರು. ಅಪ್ಪ ಚಹಾದ ಬಟ್ಟಲು ಕೆಳಗಿಟ್ಟು ತಣ್ಣಗೆ ಹೇಳಿದ:

"ನಿಮ್ಮ ಮೋಟರಿನ್ಯಾಗ ಕರಕೊಂಡ ಹೋಗ್ತೀನ್ರಿ ಅಳಿಯಾರ. ಆದ್ರ ಮಗಳು ಬಸುರಿ ಅದಾಳ. ಆ ಏರಿನ್ಯಾಗ ಆಕಿ ಕಾಲು ನೆಲಕ್ಕ ಹತ್ತಬಾರ್ದು. ಹತ್ತಿತಂದ್ರ, ಇನ್ನ ಮುಂದ ನಾ ನಿಮ್ಮ ಹೊಸ್ತಲಾ ತುಳಿಯಂಗಿಲ್ಲ."

ನನ್ನ ಗಂಡ ಆಗಲಿ ಎಂದುಬಿಟ್ಟರು. ಇಬ್ಬರಿಗೂ ಹಟ, ಒಬ್ಬರಿಗಿಂತ ಒಬ್ಬರು ಹೆಚ್ಚು. ನಡುವೆ ಸಿಕ್ಕವಳು ನಾನು. ಗಂಡನ ಮೋಟರಿನಲ್ಲಿ ಕೂತು ತವರಿಗೆ ಹೋಗುವ ಆಸೆ ನನಗೆ ಭಾರಿ ಇತ್ತು. ಅಪ್ಪ ನಮ್ಮ ಮನೆಗೆ ಬರುವುದೇ ನಿಂತುಹೋದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಆ ವಾರ ನನಗೆ ಊಟ ಸೇರಲಿಲ್ಲ.

ನನ್ನ ಗಂಡ ಹುಬ್ಬಳ್ಳಿಗೆ ಹೋಗಿ ಗುಜರಿಯಿಂದ ಎರಡು ಗಂಟು ಹೊತ್ತು ತಂದರು. ಬಿಚ್ಚಿದರೆ ಬೆರಳುದ್ದದ ಕಬ್ಬಿಣದ ತುಂಡುಗಳು. ರಾಕರ್ ಅಂತ ಅವುಗಳ ಹೆಸರು. ಎಂಜಿನ್ನಿನ ನೆತ್ತಿಯ ಮೇಲೆ ಸಾಲಾಗಿ ಕೂಡುತ್ತವೆ, ನಡುವೆ ಕೀಲು. ಕೆಳಗಿನಿಂದ ಒಂದು ಕಡ್ಡಿ ಬಂದು ಈ ತುದಿಯನ್ನು ಎತ್ತಿದರೆ, ಆ ತುದಿ ಬಗ್ಗಿ ವಾಲ್ವನ್ನು ತುಳಿಯುತ್ತದೆ. ವಾಲ್ವು ಬಾಯಿ ತೆರೆದಾಗ ಎಂಜಿನ್ನು ಉಸಿರೆಳೆದುಕೊಳ್ಳುತ್ತದೆ. ಕೀಲಿನಿಂದ ವಾಲ್ವಿನ ಕಡೆಯ ತೋಳು ಉದ್ದವಾದಷ್ಟೂ ಬಾಯಿ ಅಗಲ. ನಮ್ಮ ಮೋಟರಿನ ಹಳೇ ರಾಕರುಗಳಲ್ಲಿ ಕಡ್ಡಿ ಒಂದು ನೂಲು, ಅಂದರೆ ಇಂಚಿನ ಎಂಟನೆಯ ಒಂದು ಪಾಲು, ಎದ್ದರೆ ವಾಲ್ವು ಒಂದೂಕಾಲು ನೂಲು ಇಳಿಯುತ್ತಿತ್ತು. ತಂದ ಗಂಟುಗಳಲ್ಲಿ ಒಂದು ಒಂದೂವರೆಯದು, ಇನ್ನೊಂದು ಒಂದೂಮುಕ್ಕಾಲಿನದು.

ಇದೆಲ್ಲ ನನಗೆ ಒಮ್ಮೆಗೇ ತಲೆಗೆ ಹೋಯಿತು. ಜಾಣತನದಿಂದಲ್ಲ, ಮಗ್ಗದ ಮನೆಯಲ್ಲಿ ಹುಟ್ಟಿದ್ದರಿಂದ. ಮಗ್ಗದ ಕುಣಿಯಲ್ಲಿ ಕಾಲಿನಿಂದ ಹಲಗೆ ತುಳಿದರೆ ಹಾಸಿನ ಎಳೆಗಳು ಮೇಲೆ ಕೆಳಗೆ ಸರಿದು ಲಾಳಿಗೆ ದಾರಿ ಬಿಡುತ್ತವೆ. ಹಲಗೆಗೆ ಹಗ್ಗ ಕಟ್ಟುವ ಜಾಗವನ್ನು ತುಸು ಸರಿಸಿದರೆ ದಾರಿ ಅಗಲವಾಗುತ್ತದೆ. ಅತಿಯಾಯಿತೋ, ಎಳೆ ಹರಿಯುತ್ತವೆ. ಇದನ್ನೇ ಹೇಳಿ, ನಡುವಿನ ಒಂದೂವರೆಯದನ್ನು ಹಾಕಿರೆಂದೆ. ಎಂಜಿನ್ನು ಸೀರೆ ನೇಯುವುದಿಲ್ಲ ಎಂದು ನನ್ನ ಗಂಡ ನಕ್ಕು ದೊಡ್ಡದನ್ನೇ ಆರಿಸಿದರು. ಬೆಲ್ಲ ಕೊಳ್ಳಲು ಹೋದರೂ ದೊಡ್ಡ ಪೆಂಟೆಗೇ ಕೈ ಹಾಕುವ ಮನುಷ್ಯ ಅವರು.

ಆದರೆ ಕೆಲಸಕ್ಕೆ ಕೂತರೆ ಅವರಷ್ಟು ಸಾವಧಾನಿ ಇನ್ನೊಬ್ಬರಿಲ್ಲ. ವಾಲ್ವು ಹೆಚ್ಚು ಕೆಳಗಿಳಿದರೆ, ಮೇಲೆ ಬರುವ ಪಿಸ್ಟನ್ನಿಗೆ ಬಡಿದೀತು. ಬಡಿದರೆ ಎಂಜಿನ್ನಿನ ಕತೆ ಮುಗಿದಂತೆ. ನಡುವೆ ಎಷ್ಟು ಸಂದು ಉಳಿಯುತ್ತದೆಂದು ನೋಡಲು ಪಿಸ್ಟನ್ನಿನ ಮೇಲೆ ಮೆತ್ತಗಿನದೇನಾದರೂ ಇಡಬೇಕು. ಅಂಗಳದ ಎರೆಮಣ್ಣು ಕಲಸಿ ನೋಡಿದರು, ಅದರಲ್ಲಿ ಹರಳು. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅಂದು ಹುಣ್ಣಿಮೆ. ಅತ್ತೆ ಹೋಳಿಗೆಗೆಂದು ಕಣಕ ನಾದಿ, ಎಣ್ಣೆ ಹಚ್ಚಿ ಮುಚ್ಚಿಟ್ಟಿದ್ದರು. ಅದರಲ್ಲಿ ಎರಡು ಉಂಡೆ ನಾನೇ ತೆಗೆದುಕೊಟ್ಟೆ. ಮೋಟರಿಗೂ ಬಸುರಿಯ ಬಯಕೆ ಬಂತೇನೆಂದು ಅತ್ತೆ ಒಳಗಿನಿಂದಲೇ ಬೈದರು.

ಕಣಕವನ್ನು ಪಿಸ್ಟನ್ನಿನ ಮೇಲೆ ತಟ್ಟಿ, ಮೇಲಿನ ಮುಚ್ಚಳದಂಥ ಹೆಡ್ ಕೂಡಿಸಿ ಬಿಗಿದು, ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುವಿದರು. ಮತ್ತೆ ಬಿಚ್ಚಿದರು. ದೊಡ್ಡ ರಾಕರು ಹಾಕಿದಾಗ ವಾಲ್ವು ಒತ್ತಿದ ಕಡೆ ಕಣಕ ಹರಿದು, ಪಿಸ್ಟನ್ನಿನ ಲೋಹ ಇಣುಕುತ್ತಿತ್ತು. ಒಂದೂವರೆಯದಕ್ಕೆ ಎರಡನೆಯ ಉಂಡೆ ಇಟ್ಟು ನೋಡಿದರೆ, ಹೋಳಿಗೆಯ ದಪ್ಪಕ್ಕೆ ಕಣಕ ಉಳಿದಿತ್ತು. ನನ್ನ ಗಂಡ ಎರಡೂ ಕಣಕಗಳನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಂದೆ ಹಿಡಿದರು.

"ಎಳಿ ಹರೀತು ನೋಡು," ಎಂದರು.

ನಾನು ಹೇಳಿದ್ದಕ್ಕಲ್ಲ, ಕಣಕ ಹೇಳಿದ್ದಕ್ಕೆ ಅವರು ಒಪ್ಪಿದ್ದು. ಆದರೂ ಆ ಮಾತಿಗೆ ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅವರ ಎಣ್ಣೆಗೈಯನ್ನು ನನ್ನ ಸೆರಗಿನಿಂದಲೇ ಒರೆಸಿದೆ. ಒಂದೂವರೆಯದನ್ನೂ ಅವರು ಎಲ್ಲ ವಾಲ್ವಿಗೆ ಹಾಕಲಿಲ್ಲ. ಗಾಳಿ ಒಳಗೆ ಎಳೆಯುವವಕ್ಕೆ ಮಾತ್ರ ಹೊಸದು, ಹೊಗೆ ಹೊರಗೆ ಬಿಡುವವಕ್ಕೆ ಹಳೆಯದೇ. ಇದು ದಿನಾ ದುಡಿದು ತಿನ್ನುವ ಮೋಟರು, ಓಟದ ಶರ್ಯತ್ತಿಗೆ ಬಿಡುವುದಲ್ಲ ಎಂದರು. ಒಬ್ಬರೇ ಹೋಗಿ ಏರು ಹತ್ತಿಸಿಕೊಂಡೂ ಬಂದರು. ಖಾಲಿ ಮೋಟರು ಹತ್ತಿತು, ತುಂಬಿದ್ದರ ಮಾತು ಬೇರೆ.

ಕುಬಸ ಮುಗಿಯಿತು. ಹಸಿರು ಸೀರೆ ಉಟ್ಟು ನಾನು ಮೋಟರಿನ ಹಿಂದೆ, ಕುಬಸಕ್ಕೆಂದು ಅಪ್ಪನ ಜೊತೆ ಬಂದಿದ್ದ ಅವ್ವನ ಮಗ್ಗುಲಿಗೆ ಕೂತೆ. ಮುಂದೆ ನನ್ನ ಗಂಡನ ಪಕ್ಕದಲ್ಲಿ ಅಪ್ಪ. ಬೇಡವೆಂದರೂ ಕೇಳದೆ ಅತ್ತೆ ಬುತ್ತಿಯ ಬುಟ್ಟಿ, ಗಂಟು, ಉಪ್ಪಿನಕಾಯಿಯ ಭರಣಿ ಎಲ್ಲ ತುಂಬಿಸಿದರು.

ಏರು ಶುರುವಾಯಿತು. ಪಂಚಮಿಯಲ್ಲಿ ನಿಂತ ಜಾಗವನ್ನು ಮೋಟರು ದಾಟಿತು. ಅವ್ವ ನನ್ನ ಕೈ ಅದುಮಿದಳು. ಕೊನೆಯ ತಿರುವಿಗೆ ಬಂದಾಗ ಬೇವಿನ ಗಿಡ ಕಂಡಿತು, ಕೆಳಗೆ ಕೂತ ಜನವೂ ಕಂಡರು. ಅಲ್ಲಿಯೇ ಎಂಜಿನ್ನಿನ ದನಿ ಸೋತಿತು. ಮೋಟರು ಮನುಷ್ಯ ನಡೆಯುವುದಕ್ಕಿಂತಲೂ ಮೆಲ್ಲಗಾಯಿತು. ಗಂಡನ ಕತ್ತಿನ ಮೇಲೆ ಬೆವರು ಹರಿಯುತ್ತಿತ್ತು. ನಾನು ಹುಚ್ಚಿಯ ಹಾಗೆ ಎರಡೂ ಕಾಲು ಎತ್ತಿಕೊಂಡು ಕೂತೆ.

ಬಾಗಿಲ ಸಪ್ಪಳವಾಯಿತು. ನೋಡಿದರೆ ಅಪ್ಪ ಇಳಿದುಬಿಟ್ಟಿದ್ದ. ನೂಕಲಿಲ್ಲ. ಮಡ್‌ಗಾರ್ಡಿನ ಮೇಲೆ ಒಂದು ಕೈ ಇಟ್ಟು, ಎತ್ತಿನ ಜೊತೆ ನಡೆದಂತೆ ಪಕ್ಕದಲ್ಲಿ ನಡೆದ. ಭಾರ ಇಳಿದ ಮೋಟರು ಉಸಿರು ಹಿಡಿದು ಒಂದೇ ಸಮನೆ ಏರಿತು. ಗಿಡದ ಕೆಳಗಿನವರೊಬ್ಬರು ಯಾಕೆ ನಡೆದು ಬಂದೆ ಎಂದು ಕೇಳಿದರು. ಕೂತು ಕೂತು ಕಾಲು ಜೋಮು ಹಿಡಿದಿತ್ತು ಎಂದ ಅಪ್ಪ. ಯಾರೂ ನಗಲಿಲ್ಲ.

ಸಪಾಟಿನಲ್ಲಿ ಮೋಟರು ನಿಂತಿತು. ನನ್ನ ಗಂಡ ತಲೆ ಎತ್ತಲಿಲ್ಲ. ಅಪ್ಪ ಧೂಳು ಝಾಡಿಸಿಕೊಂಡು ಮತ್ತೆ ಅವರ ಪಕ್ಕದಲ್ಲೇ ಕೂತ.

"ಮಗಳ ಕಾಲು ನೆಲಕ್ಕ ಹತ್ತಲಿಲ್ರಿ ಅಳಿಯಾರ," ಎಂದ. "ನನ್ನ ಕಾಲಿನ ಮಾತು ಯಾರ ಆಡಿದ್ರು? ನಡೀರಿ."

ನಾನು ಅವ್ವನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟೆ.

ಮುಂದೆ ನನ್ನ ಗಂಡ ಅದೇನೇನೋ ತಿದ್ದಿ, ತುಂಬಿದ ಮೋಟರೂ ಏರನ್ನು ಸರಾಗ ಹತ್ತುವಂತೆ ಮಾಡಿದರು. ಒಂದೂಮುಕ್ಕಾಲಿನ ಗಂಟು ಮಾತ್ರ ಅಟ್ಟದಿಂದ ಇಳಿಯಲಿಲ್ಲ. ಆದರೂ ಅಪ್ಪ ಇರುವವರೆಗೆ ಆ ಕೊನೆಯ ತಿರುವಿನಲ್ಲಿ ನಮ್ಮ ಮೋಟರು ಮೆಲ್ಲಗಾಗುತ್ತಿತ್ತು. ಯಾರೂ ಹೇಳದೆಯೇ ಅಪ್ಪ ಇಳಿಯುತ್ತಿದ್ದ, ಅವನ ಹಿಂದೆಯೇ ನನ್ನ ಮಗ ಹಾರುತ್ತಿದ್ದ. ಇಬ್ಬರೂ ಬೇವಿನ ಗಿಡದವರೆಗೆ ಕೈಹಿಡಿದು ನಡೆಯುತ್ತಿದ್ದರು. ಎಷ್ಟು ಬೇಕಾದರೂ ಎಳೆಯಬಲ್ಲ ಮೋಟರನ್ನು ನನ್ನ ಗಂಡ ಅವರ ಹೆಜ್ಜೆಗೆ ಸರಿಯಾಗಿ ಪಕ್ಕದಲ್ಲೇ ನಡೆಸುತ್ತಿದ್ದರು.