ಕಣ್ಣು ಮುಚ್ಚಿ ಹಿಡಿದ ಚಾನೆಲ್

ಆಗ ಜೇವರ್ಗಿಯಲ್ಲಿ ಟ್ರೇಲರ್ ಕಟ್ಟಿಸಬೇಕೆಂದರೆ ಜನ ನಮ್ಮ ಅಂಗಡಿಗೇ ಬರುತ್ತಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ, ಕಾಕಾ ಒಟ್ಟಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಸುಟ್ಟ ಕಬ್ಬಿಣದ ವಾಸನೆ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಗೂ ಹತ್ತಿರುತ್ತಿತ್ತು.

ನನಗೂ ಕಾಕಾನ ಮಗಳು ಶಾಂತಾಗೂ ಆಟದ ಜಾಗವೆಂದರೆ ಹಿತ್ತಲಿನ ಚಾನೆಲ್ ರಾಶಿ, ಚೌಕಟ್ಟು ಕಟ್ಟಲು ಬಳಸುವ, ಎರಡು ಅಂಚು ಎದ್ದ ಉದ್ದನೆಯ ಕಬ್ಬಿಣದ ಪಟ್ಟಿಗಳು. ಒಬ್ಬಳು ಕಣ್ಣು ಮುಚ್ಚಬೇಕು. ಇನ್ನೊಬ್ಬಳು ಅವಳ ಕೈ ಹಿಡಿದು ಒಂದು ಚಾನೆಲ್ ಮೇಲಿಡಬೇಕು. ಅದು ಯಾವ ಜಾತಿಯದೆಂದು ಮುಟ್ಟಿಯೇ ಹೇಳಬೇಕು. ಕಲಿಸಿದವನು ನಮ್ಮ ಮುತ್ಯಾ, ಅಪ್ಪನ ಅಪ್ಪ. ಅಂಚನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಒಳಕ್ಕೆ ಜಾರಿಸಿದರೆ, ಕಾರ್ಖಾನೆಯಲ್ಲಿ ಕಾಯಿಸಿ ಎಳೆದದ್ದು ತುದಿಗೆ ತೆಳು, ಬುಡಕ್ಕೆ ದಪ್ಪ. ಅದರ ಹೊರಮೂಲೆ ಚೂಪು. ಪತ್ರಾ, ಅಂದರೆ ತಗಡು, ಬಗ್ಗಿಸಿ ಮಾಡಿದ್ದು ಎಲ್ಲೆಡೆ ಒಂದೇ ದಪ್ಪ, ಮೂಲೆ ಗುಂಡಗೆ.

"ಎಳೆದದ್ದು ಟ್ರೇಲರಿಗೆ, ಬಗ್ಗಿಸಿದ್ದು ಬಾಗಿಲಿಗೆ. ಅದಲುಬದಲು ಮಾಡಿದ್ರ ತೊಗರಿ ಚೀಲ ರಸ್ತಾದಾಗ ಬೀಳ್ತಾವ," ಅನ್ನುತ್ತಿದ್ದ.

ಮುತ್ಯಾ ಸತ್ತ ವರ್ಷವೇ ಅಣ್ಣತಮ್ಮಂದಿರು ಬೇರೆಯಾದರು. ಪಾಲಿಗೆ ಕೂತ ದಿನ ಹಿತ್ತಲಲ್ಲಿ ಎರಡು ರಾಶಿ ಬಿದ್ದಿದ್ದವು, ನೋಡಲು ಒಂದೇ ಥರ ಕಾಣುವಂತೆ ಎರಡಕ್ಕೂ ಕಾಕಾ ಕೆಂಪು ಬಣ್ಣ ಬಳಿದಿದ್ದ. ತೂಕಕ್ಕೆ ತೂಕ ಸರಿಯಿತ್ತು. ಅಪ್ಪ ತನ್ನ ರಾಶಿ ಮುಟ್ಟಿ ನೋಡಿ, "ಇದೆಲ್ಲಾ ಪತ್ರಾ ಬಗ್ಗಿಸಿದ್ದು. ಮುಂಗಡ ಕೊಟ್ಟ ನೆಲೋಗಿ ಊರವರ ಟ್ರೇಲರ್ ಇದರಾಗ ಹ್ಯಾಂಗ್ ಕಟ್ಟಲಿ?" ಎಂದ.

"ಸುಳ್ಳ. ಎರಡೂ ಒಂದಽ ಮಾಲ್," ಎಂದ ಕಾಕಾ.

ಪಂಚಾಯ್ತಿಗೆ ಬಂದ ಹಿರಿಯರು ಅರಿವೆ-ಬಟ್ಟೆ ವ್ಯಾಪಾರಿ. ಕಬ್ಬಿಣ ಅವರಿಗೆ ತಿಳಿಯದು. "ನೀವಿಬ್ಬರೂ ಬಾಯಿ ಮುಚ್ರಿ. ಹುಡುಗ್ಯಾರಿಗೆ ಇದು ಗೊತ್ತದಂತ. ಮಕ್ಕಳು ಸುಳ್ಳ ಹೇಳಂಗಿಲ್ಲ," ಎಂದರು.

ನಾನು ಚಿವುಟಿ ನೋಡಿದೆ. "ನಮ್ಮ ರಾಶಿ ಬಗ್ಗಿಸಿದ್ದು ಅದರಿ. ಅವರದು ಎಳೆದದ್ದು."

ಕಾಕಿ ನಕ್ಕಳು. "ಅವರಪ್ಪ ಕಲಿಸ್ಯಾನ, ಗಿಣಿ ಹೇಳ್ತದ."

ಆಮೇಲೆ ಶಾಂತಾ ಬಂದಳು. ಕಣ್ಣು ಮುಚ್ಚಿ ಎರಡೂ ರಾಶಿಯ ಮೇಲೆ ಬೆರಳು ಜಾರಿಸಿದಳು. ನಮ್ಮ ರಾಶಿಯ ಗುಂಡಗಿನ ಮೂಲೆಯ ಮೇಲೆ ಅವಳ ಹೆಬ್ಬೆರಳು ಒಂದು ಗಳಿಗೆ ನಿಂತಿತು. ನನಗೆ ಜೀವ ಬಂದಂತಾಯಿತು.

"ಎಲ್ಲಾ ಒಂದಽ ಅದಾವ್ರಿ," ಎಂದಳು.

"ಶಾಂತಾ, ಸರಿಯಾಗಿ ಹಿಡಿದು ನೋಡಬೇ," ಎಂದೆ.

"ನೋಡೀನಿ. ನಿನಗಽ ಗೊತ್ತಿಲ್ಲ."

ಒಬ್ಬಳು ಹೌದೆಂದಳು, ಒಬ್ಬಳು ಅಲ್ಲವೆಂದಳು; ತೂಕ ಸರಿಯಿದೆಯಲ್ಲ ಎಂದು ಹಿರಿಯರು ಎದ್ದರು. ಅಪ್ಪ ಆ ಮಾಲಿನಲ್ಲಿ ಟ್ರೇಲರ್ ಕಟ್ಟಲಿಲ್ಲ. ನೆಲೋಗಿಯವರು ಕಾಕಾನ ಕಡೆ ಹೋದರು, ಅವರ ಹಿಂದೆ ಉಳಿದವರೂ ಹೋದರು. ಅಪ್ಪ ಕೊನೆಯವರೆಗೂ ಬಾಗಿಲು, ಕಿಟಕಿಗಳನ್ನೇ ಮಾಡಿದ. ನಡುವೆ ಗೋಡೆ ಎದ್ದಿತು. ಅದರಾಚೆ ಶಾಂತಾ ಕುಂಟಾಬಿಲ್ಲೆ ಆಡುವ ಸದ್ದು ಕೇಳಿದರೆ ನಾನು ಬೇಕೆಂದೇ ತಗಡು ಬಡಿಯುತ್ತಿದ್ದೆ.

ಇಷ್ಟು ವರ್ಷಗಳ ಮೇಲೆ ಈಚೆಗೆ, ಮನೆಯ ಮದುವೆಗೆ ಕರೆಯಲು, ಅವಳನ್ನು ಕೊಟ್ಟ ಆಳಂದದ ಮನೆಗೆ ಹೋಗುವುದು ಅನಿವಾರ್ಯವಾಯಿತು. ಅಂಗಳದಲ್ಲಿ ಹೊಸ ಶೆಡ್ಡಿಗೆಂದು ಚಾನೆಲ್ ಬಂದಿಳಿದಿತ್ತು. ಶಾಂತಾ ಬಗ್ಗಿ ಒಂದರ ಅಂಚು ಚಿವುಟಿದಳು, ಬೆರಳು ಒಳಕ್ಕೆ ಜಾರಿಸಿದಳು. "ಇದು ಬಗ್ಗಿಸಿದ್ದು. ವಾಪಸ್ ಒಯ್ಯಪ್ಪಾ," ಎಂದು ಮಾಲು ತಂದವನಿಗೆ ಹೇಳಿದಳು. ತಿರುಗಿದಾಗ ನನ್ನನ್ನು ಕಂಡಳು. ಬೆರಳು ಸೆರಗಿಗೆ ಒರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು. ಕೊಟ್ಟ ಚಹಾ ಅರ್ಧ ಕುಡಿದು ಎದ್ದೆ.

ಬೆರಳಿನ ವಿದ್ಯೆ ಇಬ್ಬರಲ್ಲೂ ಉಳಿದಿದೆ. ಆದರೆ ಇನ್ನೊಬ್ಬರ ಕೈಗೆ ಕೈ ಕೊಟ್ಟು ಕಣ್ಣು ಮುಚ್ಚುವುದು, ಅದು ನನಗೆ ಆ ಪಾಲಿನ ದಿನದಿಂದ ಯಾರ ಮುಂದೆಯೂ ಆಗಿಲ್ಲ.